ಔದು ಅನ್ನೋಕೆ ಯಾವ ಅಕ್ಷರ ಒತ್ತಾನ?

ನಗಬಾರದೆಂದು ತುಟಿ ಕಚ್ಚಿಕೊಂಡು ಕೂರಬೇಕಾದ ಪ್ರಸಂಗಗಳು ಬೇರೆಯವರಿಗೆ ಹಬ್ಬ ಹರಿದಿನಕ್ಕೊಮ್ಮೆ ಬರುತ್ತವೇನೋ. ತೊಂಬತ್ತರ ದಶಕದ ಕೊನೆಯಲ್ಲಿ ಪಾಂಡವಪುರದಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದಾಗ ದಿನಾ ಕರೆಂಟಾದರೂ ತಪ್ಪುತ್ತಿತ್ತು, ಇವು ತಪ್ಪುತ್ತಿರಲಿಲ್ಲ.

ನನ್ನೂರು ನಾಗಮಂಗಲ. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ, ಸಿ ಪ್ಲಸ್ ಪ್ಲಸ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಬೆಳಿಗ್ಗೆ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಯಜಮಾನರು ತಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಳೆ ಮಷೀನುಗಳನ್ನು ಮೂಲೆಗೆ ಸರಿಸಿ ಕಂಪ್ಯೂಟರ್‌ಗಳನ್ನು ತಂದಿಟ್ಟಿದ್ದರು. ಕಲಿಸುವವಳು ನಾನೊಬ್ಬಳೇ. ಎಲ್ಲರ ಬಾಯಲ್ಲೂ ನಾನು ‘ಮಿಸ್ಸು’.

ಯಜಮಾನರದು ದೊಡ್ಡ ಮನಸ್ಸು, ಮೆತ್ತಗಿನ ಬಾಯಿ. ಜನ್ಮದಲ್ಲಿ ಯಾರಿಗೂ ‘ಆಗಲ್ಲ’ ಅಂದವರಲ್ಲ. ಅದೇ ನಮಗೆ ಫಜೀತಿ ತಂದಿಟ್ಟಿತ್ತು. ಅವರ ಹೆಂಡತಿಯ ತಮ್ಮನಿಗೆ ಆ ರೂಮಿನಲ್ಲಿ ಗೊಬ್ಬರದ ಅಂಗಡಿ ಇಡುವ ಆಸೆ. “ಯುಗಾದಿಗಂಟ ನೋಡಿ ಭಾವ. ಅಷ್ಟ್ರೊಳಗೆ ವರಗಿನೋರ್ದು ಒಂದಾದ್ರೂ ಕೆಲ್ಸ ನಿಮ್ಮ ಕಂಪೂಟ್ರು ಮಾಡಿ ತೋರುಸ್ಲಿ. ಇಲ್ದಿದ್ರೆ ರೂಮು ನಂಗೆ ಬುಟ್ಕೊಡಿ” ಎಂದು ಕೇಳಿದ್ದರು. ಯಜಮಾನರು ಅದಕ್ಕೂ ಆಗಲ್ಲ ಅನ್ನಲಿಲ್ಲ. ಅವತ್ತಿನಿಂದ ಭಾಮೈದ ಆಗಾಗ ಟೇಪು ಹಿಡಿದು ಬಂದು, ನಾನು ಪಾಠ ಮಾಡುತ್ತಿರುವಾಗಲೇ ಗೋಡೆ ಅಳೆಯತೊಡಗಿದರು. “ಒಸಿ ಕಾಲೆತ್ತವ್ವ” ಎಂದು ನನ್ನ ಕುರ್ಚಿಯ ಕೆಳಗೆ ಟೇಪು ತೂರಿಸುತ್ತಿದ್ದರು. ಯೂರಿಯಾ ಮೂಟೆ ಎಲ್ಲಿ, ಪೊಟ್ಯಾಷ್ ಎಲ್ಲಿ ಎಂದು ಹುಡುಗರೆದುರಿಗೇ ಲೆಕ್ಕ ಹಾಕುತ್ತಿದ್ದರು.

ನಮ್ಮಪ್ಪನದೂ ಒಂದು ಮಾತಿತ್ತು: “ಸೆಂಟ್ರು ಇರೋಗಂಟ ಓಗ್ಬಾ ಮಗ. ಅದು ಮುಚ್ಚುದ್ರೆ ಮನೇಲಿರು.” ಹಾಗಾಗಿ ಆ ರೂಮು ಯಾರ ಪಾಲಾಗುತ್ತದೆ ಎನ್ನುವುದರ ಮೇಲೆ ನನ್ನ ಕೆಲಸವೂ ನಿಂತಿತ್ತು. ಹೆದರಿಕೆ ಇತ್ತು ನಿಜ. ಆದರೂ ಇವತ್ತು ಕೂತು ನೆನೆದರೆ, ಆ ದಿನಗಳಲ್ಲಿ ನಮ್ಮ ಬಾಗಿಲಿಗೆ ಬಂದ ಒಬ್ಬೊಬ್ಬರಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ. ಮುಗಿಯುವ ಮುಂಚೆ ಸ್ವಲ್ಪ ನಗುತ್ತೇನೆ. ಅವರು ತಪ್ಪು ತಿಳಿಯುವವರಲ್ಲ.

ಎರಡು ಪ್ಲಸ್ಸಿನ ಡಾಕ್ಟ್ರು

ಸೆಂಟರಿಗೆ ಬೋರ್ಡು ಬರೆಸಿದೆವು. ಪೇಂಟರ್‌ಗೆ ಇಂಗ್ಲಿಷಿನಲ್ಲಿ ಸಿ ಬರೆದು ಪಕ್ಕದಲ್ಲಿ ಎರಡು ಪ್ಲಸ್ ಹಾಕಿ ಎಂದು ಹೇಳಿದ್ದೆ. ಆತ ಕಲಾವಿದ. ಅಕ್ಷರವನ್ನು ತೆಳುವಾಗಿ ನೀಲಿಯಲ್ಲಿ ಬರೆದು, ಪ್ಲಸ್ ಎರಡೂ ದೂರಕ್ಕೆ ಎದ್ದು ಕಾಣಲಿ ಎಂದು ಬಿಳಿ ಬಣ್ಣದ ಮೇಲೆ ದಪ್ಪಗೆ ಕೆಂಪಾಗಿ ತುಂಬಿದ. ಯಜಮಾನರು ರಸ್ತೆಯ ಆಚೆ ನಿಂತು ನೋಡಿ, “ಎಷ್ಟು ಲಕ್ಷಣವಾಗದೆ!” ಎಂದು ಖುಷಿಪಟ್ಟರು.

ವಾರ ಕಳೆದಿರಲಿಲ್ಲ. ಬೆಳಗೊಳದ ಕಡೆಯ ಒಬ್ಬ ಅಜ್ಜಿ ಒಳಗೆ ಬಂದು ಬೆಂಚಿನ ಮೇಲೆ ಕೂತು, ಸೀರೆಯನ್ನು ಮೊಣಕಾಲಿನ ತನಕ ಸರಿಸಿದರು.

“ಇಲ್ಲೇ ಕಣವ್ವ, ಈ ಚಿಪ್ಪಿನ ಒಳ್ಗೆ. ಮೆಟ್ಲು ಅತ್ತಕ್ಕಾಗಾಕಿಲ್ಲ.”

“ಅಜ್ಜಿ, ಇದು ಆಸ್ಪತ್ರೆ ಅಲ್ಲ. ಕಂಪ್ಯೂಟರ್ ಸೆಂಟರು.”

“ಗೊತ್ತು ಕಣವ್ವ. ಈಗ ಎಲ್ಲಾನೂವೆ ಕಂಪೂಟ್ರಲ್ಲೇ ನೋಡ್ತಾರಂತಲ್ಲ, ನೋಡು.”

ನಾನು ಎಷ್ಟು ಹೇಳಿದರೂ ಅಜ್ಜಿ ಸೀರೆ ಇಳಿಸಲಿಲ್ಲ. “ನಮ್ಮೂರ್ತಾವ ಒಂದು ಪ್ಲಸ್ಸಿನ ಡಾಕ್ಟ್ರಿಗೆ ತೋರುಸ್ದೆ, ವಾಸಿಯಾಗ್ನಿಲ್ಲ. ಮಗಳ ಮನೆಗೆ ಬಂದಿದ್ದೆ, ನಿಮ್ಮ ಬೋಲ್ಡು ನೋಡ್ದೆ. ಎರಡದಲ್ಲ, ದೊಡ್ ಡಾಕ್ಟ್ರು ಇರ್ತಾರೆ ಅಂತ ಬಂದೆ” ಅಂದರು.

ಯಜಮಾನರು ಇವರಿಗಾದರೂ ಆಗಲ್ಲ ಅನ್ನುತ್ತಾರೆಯೇ? ಕಾಫಿ ತರಿಸಿಕೊಟ್ಟರು. ತಮ್ಮ ಬೆರಳು ನೋವಿಗೆಂದು ಡ್ರಾಯರಿನಲ್ಲಿಟ್ಟುಕೊಂಡಿದ್ದ ಎಣ್ಣೆಯ ಶೀಷೆಯನ್ನೇ ಕೈಗಿಟ್ಟು, ಆಸ್ಪತ್ರೆಯ ದಾರಿ ತೋರಿಸಿ ಕಳಿಸಿದರು. ಅಜ್ಜಿ ಆ ದಾರಿ ಹಿಡಿಯಲಿಲ್ಲ ಅನ್ನುವುದು ಮುಂದಿನ ವಾರ ಗೊತ್ತಾಯಿತು. ಮಗಳ ಬೀದಿಯ ಹೆಂಗಸರಲ್ಲಿ ಅರ್ಧ ಜನರನ್ನು ಹಿಂದಿಟ್ಟುಕೊಂಡು ಬಂದು, ಬಾಗಿಲಲ್ಲೇ ನಿಂತು ಅವರಿಗೆಲ್ಲ ಹೇಳುತ್ತಿದ್ದರು: “ಎದುರ್ಕೋಬ್ಯಾಡಿ ಬನ್ರವ್ವ. ಇಲ್ಲಿ ಸೂಜಿ ಚುಚ್ಚಾಕಿಲ್ಲ, ಕಾಪಿ ಕೊಡ್ತಾರೆ.”

ಬೀಪ್

ಯಜಮಾನರ ಕೈ ಟೈಪ್‌ರೈಟರಿನಲ್ಲಿ, ಸಾಲು ಮುಗಿದಾಗಲೆಲ್ಲ ರೋಲರನ್ನು ಪಕ್ಕಕ್ಕೆ ತಳ್ಳಿ ತಳ್ಳಿ ಪಳಗಿದ್ದು. ಸಾಲು ಮುಗಿದೊಡನೆ ಎಡಗೈ ತಾನಾಗಿ ಎದ್ದು ಮಾನಿಟರಿನ ಪಕ್ಕೆಗೆ ಒಂದು ತಳ್ಳು ತಳ್ಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಾನಿಟರ್ ಕಿಟಕಿಯ ಕಡೆ ತಿರುಗಿರುತ್ತಿತ್ತು, ಯಜಮಾನರೂ ಕುರ್ಚಿ ಸಮೇತ ಅದರ ಹಿಂದೆ ಹೋಗಿರುತ್ತಿದ್ದರು.

“ಅಲ್ಲಮ್ಮ, ಸಾಲು ಮುಗೀತಾ ಬಂದಾಗ ಠಣ್ ಅಂತ ಬೆಲ್ ಹೊಡೀಬೇಕಲ್ವಾ? ಇದು ತುಟಿ ಪಿಟಕ್ಕನ್ನಲ್ಲ. ಹೆಂಗೆ ತಿಳ್ಕೊಳ್ಳೋದು?” ಎಂದರು.

ಇನ್ನೊಬ್ಬರು ಬೇಕೆಂದು ಕೇಳಿ ನಾನು ಬರೆದ ಮೊದಲ ಪ್ರೋಗ್ರಾಂ ಅದೇ. ‘ಸಾಲು’ ಎಂದು ಒಂದು ಕ್ಲಾಸ್ ಮಾಡಿದೆ. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಕ್ಲಾಸ್ ಅಂದರೆ ಪಾಠದ ಕ್ಲಾಸಲ್ಲ, ಒಂದು ವಸ್ತು ಹೇಗಿರಬೇಕು, ಏನೇನು ಮಾಡಬೇಕು ಎಂದು ಬರೆದಿಡುವ ಅಚ್ಚು. ನನ್ನ ಸಾಲಿಗೆ ತನ್ನ ಉದ್ದ ಗೊತ್ತಿತ್ತು. ಅಂಚು ಹತ್ತಿರ ಬಂದರೆ ಬೀಪ್ ಅನ್ನುವುದೂ ಗೊತ್ತಿತ್ತು. ಯಜಮಾನರು ಟೈಪು ಮಾಡುತ್ತಾ ಹೋಗಿ ಅದು ಬೀಪ್ ಅಂದ ಕೂಡಲೇ ಕಣ್ಣು ಮುಚ್ಚಿ ಕೂತುಬಿಟ್ಟರು. “ಈಗ ಜೀವ ಬಂತು ನೋಡಮ್ಮ ಇದಕ್ಕೆ” ಅಂದರು. ಕಾಲೇಜಿನಲ್ಲಿ ನನ್ನ ಪ್ರೋಗ್ರಾಂಗಳಿಗೆ ಮಾರ್ಕ್ಸ್ ಬಂದಿದ್ದವು, ಇಂಥ ಸಂತೋಷ ಯಾರಿಗೂ ಬಂದಿರಲಿಲ್ಲ. ಆ ಮಾತಿಗೆ ಇವತ್ತಿಗೂ ನಾನು ಋಣಿ.

ಆದರೆ ಒಂದು ವಿಷಯ ನನಗೆ ತಿಳಿದಿರಲಿಲ್ಲ. ಪಕ್ಕದ್ದು ಟೀ ಅಂಗಡಿ, ನಡುವೆ ತೆಳು ಗೋಡೆ. ಟೀ ಬೇಕಾದಾಗ ಯಜಮಾನರು ಟೈಪ್‌ರೈಟರಿನ ಬೆಲ್ ಬಾರಿಸಿ ಕರೆಯುವುದು ಹಳೆಯ ಪದ್ಧತಿ. ಹೊಸ ಬೀಪಿಗೂ ಟೀ ಅಂಗಡಿಯವರು ಅದೇ ಅರ್ಥ ಮಾಡಿಕೊಂಡರು. ಸಾಲು ಮುಗಿದ ಹಾಗೆಲ್ಲ ಟೀ ಬಂತು. ಬೇಡ ಅನ್ನಲು ಯಜಮಾನರಿಗೆ ಬಾಯಿ ಬರಲಿಲ್ಲ. ಒಂದು ಪುಟ ಮುಗಿಯುವಷ್ಟರಲ್ಲಿ ಹುಡುಗರು, ನಾನು, ಗೋಡೆ ಅಳೆಯಲು ಬಂದಿದ್ದ ಭಾಮೈದ, ಎಲ್ಲರೂ ಕುಡಿದು ಕುಡಿದು ಸುಸ್ತಾದೆವು. ಸಂಜೆ ಟೀ ಅಂಗಡಿಯವರು ಬಾಗಿಲಲ್ಲಿ ತಲೆಹಾಕಿ ವಿನಯವಾಗಿ ಕೇಳಿಕೊಂಡರು: “ಉದ್ದನೆ ಕಾಗ್ದ ಟೈಪ್ ಮಾಡೋ ದಿನ ಒಸಿ ಮುಂಚೇನೆ ಏಳ್ಬುಡಿ ಸಾಮಿ, ಆಲು ಜಾಸ್ತಿ ತರುಸ್ಬೇಕು.”

ಅಪ್ಪನ ಗುಟ್ಟು

ಸಂತೆಬಾಚಹಳ್ಳಿಯಿಂದ ಒಬ್ಬ ಹುಡುಗ ಬರುತ್ತಿದ್ದ. ಬಿ.ಕಾಂ ಮುಗಿಸಿದವನು, ಮಹಾ ಸಮಾಧಾನಿ. ಶ್ರೀರಂಗಪಟ್ಟಣದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಅಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದ ಸಾಹೇಬರ ಮಗಳು, ಮಹಾ ಚುರುಕು. ನನ್ನ ಕ್ಲಾಸಿನಲ್ಲಿ ಬಾಯಿ ಬಿಡುತ್ತಿದ್ದವರು ಇವರಿಬ್ಬರೇ.

ಅವತ್ತು ಇನ್‌ಹೆರಿಟೆನ್ಸ್ ಪಾಠ. ಒಂದು ಕ್ಲಾಸಿನಿಂದ ಇನ್ನೊಂದು ಹುಟ್ಟಿಸಬಹುದು, ಅಪ್ಪನಲ್ಲಿ ಇರುವುದೆಲ್ಲ ಮಗನಿಗೂ ಬರುತ್ತದೆ, ಮತ್ತೆ ಬರೆಯಬೇಕಿಲ್ಲ ಎಂದು ವಿವರಿಸಿದೆ. “ಆದರೆ ಅಪ್ಪ ಪ್ರೈವೇಟ್ ಅಂತ ಇಟ್ಟುಕೊಂಡಿದ್ದನ್ನು ಮಗ ಮುಟ್ಟೋ ಹಾಗಿಲ್ಲ. ಅಪ್ಪ ಯಾರನ್ನಾದರೂ ಫ್ರೆಂಡ್ ಅಂತ ಬರೆದಿಟ್ಟರೆ ಆ ಫ್ರೆಂಡ್ ಮುಟ್ಟಬಹುದು” ಅಂದೆ.

ಹುಡುಗಿ ಎದ್ದು ನಿಂತಳು. “ಇದು ಅನ್ಯಾಯ ಮಿಸ್. ಹೊಟ್ಟೇಲಿ ಹುಟ್ಟಿದ ಮಕ್ಕಳಿಗೆ ಇಲ್ಲ, ದೋಸ್ತ್‌ಗೆ ಉಂಟಾ?”

ಸಂತೆಬಾಚಹಳ್ಳಿಯವನು ಕೂತಲ್ಲಿಂದಲೇ ಹೇಳಿದ: “ಸರಿಯಾಗೇ ಅದೆ ಮಿಸ್. ನಮ್ಮಪ್ಪ ದಿನಾ ಸಂಜೆ ಎಲ್ಲೋಯ್ತಾರೆ ಅಂತ ನಂಗೊತ್ತಿಲ್ಲ. ಇಸ್ಪೀಟಾಡೋ ಅವರ ಫ್ರೆಂಡ್ಗೆ ಗೊತ್ತು.”

ಆ ಉದಾಹರಣೆಯನ್ನು ಮುಂದೆ ಪ್ರತಿ ವರ್ಷವೂ ನಾನು ಬಳಸಿಕೊಂಡೆ, ಅವನ ಅಪ್ಪನನ್ನು ಮಾತ್ರ ಬಿಟ್ಟು. ಏಕೆಂದರೆ ಆ ಅಪ್ಪ ಮಾರನೇ ದಿನವೇ ಪಂಚೆ ಎತ್ತಿ ಕಟ್ಟಿಕೊಂಡು ಬಂದರು.

“ಏನ್ ಮಿಸ್ಸೇ, ಅಪ್ಪನ್ದೆಲ್ಲಾ ಮಗನಿಗೆ ಬತ್ತದೆ ಅಂತ ಏಳ್ಕೊಟ್ಟಿದ್ದೀರಂತೆ? ನಾನಿನ್ನೂ ಗುಂಡ್ಕಲ್ಲಂಗಿವ್ನಿ, ಆಗ್ಲೇ ಪಾಲು ಮಾಡುಸ್ತಿದ್ದೀರಾ?”

ನಾನು ಅವರನ್ನು ಕೂರಿಸಿ ಹೇಳಿದೆ: “ಇದು ಆಸ್ತಿ ಅಲ್ಲ, ಕೆಲಸ ಮಾಡೋ ರೀತಿ. ಮಗನಿಗೆ ಬಂದರೂ ಅಪ್ಪನದು ಒಂಚೂರೂ ಕಮ್ಮಿ ಆಗಲ್ಲ. ಅವರ ಹತ್ತಿರ ಇದ್ದದ್ದು ಹಾಗೇ ಇರುತ್ತೆ.”

“ಕೊಟ್ರೂ ಕಮ್ಮಿ ಆಗಾಕಿಲ್ವಾ?”

“ಇಲ್ಲ.”

“ಎಷ್ಟು ಮಕ್ಳಿಗೆ ಕೊಟ್ರೂವೆ?”

“ಎಷ್ಟು ಜನಕ್ಕೆ ಕೊಟ್ಟರೂ.”

ಅವರು ಪಂಚೆ ಇಳಿಸಿ, ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: “ನಮ್ಮಣ್ಣ ನನ್ನ ಮ್ಯಾಲೆ ಕೋರ್ಟ್ನಾಗೆ ಪಾಲಿಗೆ ಹಾಕವ್ನೆ. ಅವನ್ನೂ ಒಸಿ ಈ ಕ್ಲಾಸ್ಗೆ ಸೇರುಸ್ಕೊತೀರಾ?”

ಕಾಯುವ ಅಭ್ಯಾಸ

ಆ ಹುಡುಗನ ಸಮಾಧಾನದ್ದೇ ಇನ್ನೊಂದು ಕಥೆ. ನಮ್ಮ ಭಾಷೆಯಲ್ಲಿ ಒಂದೊಂದು ಮಾತು ಮುಗಿದಾಗಲೂ ಸೆಮಿಕೋಲನ್ ಹಾಕಬೇಕು, ಮೇಲೊಂದು ಚುಕ್ಕಿ, ಕೆಳಗೊಂದು ಬಾಲದ ಚುಕ್ಕಿ. ಮರೆತರೆ ಕಂಪ್ಯೂಟರ್ ತಕರಾರು ತೆಗೆಯುತ್ತದೆ. ಅವನು ಮೊದಮೊದಲು ಮರೆತು ಬೈಸಿಕೊಂಡು, ಆಮೇಲೆ ತೊಂದರೆಯೇ ಬೇಡವೆಂದು ಸಿಕ್ಕಸಿಕ್ಕಲ್ಲೆಲ್ಲ ಹಾಕತೊಡಗಿದ.

‘ಇಷ್ಟಾಗುವ ತನಕ ಮತ್ತೆ ಮತ್ತೆ ಮಾಡು’ ಎನ್ನುವ ಸಾಲಿನ ಕೊನೆಗೂ ಒಂದು ಹಾಕಿಬಿಟ್ಟ. ಅಲ್ಲಿ ಹಾಕಿದರೆ ಏನು ಮಾಡಬೇಕೆಂದು ಹೇಳುವ ಮುಂಚೆಯೇ ಮಾತು ಮುಗಿದುಹೋಗುತ್ತದೆ. ಪಾಪದ ಕಂಪ್ಯೂಟರ್ ಏನೂ ಮಾಡದೆ, ಅದನ್ನೇ ಮತ್ತೆ ಮತ್ತೆ ಮಾಡುತ್ತಾ ಇದ್ದುಬಿಡುತ್ತದೆ. ಬೆಳಿಗ್ಗೆ ಪ್ರೋಗ್ರಾಂ ಓಡಿಸಿದವನು ಕೈಕಟ್ಟಿ ಕೂತ. ನಾನು ಊಟ ಮಾಡಿ ಬಂದೆ, ಕೂತೇ ಇದ್ದ. ಶ್ರೀರಂಗಪಟ್ಟಣದ ಹುಡುಗಿ ತನ್ನ ಪಾಠ ಮುಗಿಸಿ ಮನೆಗೆ ಹೊರಟಳು, ಆಗಲೂ ಕೂತೇ ಇದ್ದ. ತೆರೆಯ ಮೇಲೆ ಒಂದು ಗೀಟು ಮಿಣುಕುತ್ತಿತ್ತು, ಅಷ್ಟೇ.

“ಅಲ್ಲಯ್ಯ, ಏನೋ ತಪ್ಪಾಗಿದೆ ಅಂತ ಅನ್ನಿಸಲಿಲ್ವಾ ನಿನಗೆ?” ಎಂದು ಕೇಳಿದೆ.

“ಇಲ್ಲ ಮಿಸ್. ಬತ್ತದೆ ಅಂದ್ಕೊಂಡೆ. ನಾವು ದಿನಾ ನಮ್ಮೂರ ಬಸ್ಸಿಗೆ ಕಾಯೋರು.”

ಈಮಾನ್‌ದಾರ್ ಮಷೀನು

ಶ್ರೀರಂಗಪಟ್ಟಣದ ಸಾಹೇಬರು ಮಗಳನ್ನು ಕರೆದೊಯ್ಯಲು ಸ್ಕೂಟರಿನಲ್ಲಿ ಬಂದು, ಪಾಠ ಮುಗಿಯುವ ತನಕ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಬಹಳ ಮರ್ಯಾದಸ್ಥರು. ಕಂಪ್ಯೂಟರಿಗೂ ಒಂದು ಸಲಾಂ ಹೇಳಿಯೇ ಕೂರುತ್ತಿದ್ದರು.

ಒಂದು ದಿನ ಹುಡುಗಿಯ ಪ್ರೋಗ್ರಾಂ ಕಂಪ್ಯೂಟರಿನ ಮೆಮೊರಿಯಲ್ಲಿ ತನ್ನದಲ್ಲದ ಜಾಗಕ್ಕೆ ಕೈ ಹಾಕಿತು. ಆಗಿನ ಕಂಪ್ಯೂಟರ್‌ಗಳು ಇಂಥದ್ದಕ್ಕೆ ತೆರೆಯ ನಡುಮಧ್ಯೆ ಒಂದು ಡಬ್ಬಿ ಮೂಡಿಸಿ ಇಂಗ್ಲಿಷಿನಲ್ಲಿ ಒಂದು ಮಾತು ಹೇಳುತ್ತಿದ್ದವು. ಈ ಪ್ರೋಗ್ರಾಂ ಕಾನೂನುಬಾಹಿರ ಕೆಲಸ ಮಾಡಿದೆ, ಇದನ್ನು ಮುಚ್ಚಲಾಗುವುದು ಎಂದು ಅದರ ಅರ್ಥ. ಸಾಹೇಬರಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಲಾರಿಯವರ ಜೊತೆ ಒಡನಾಟ ಇದ್ದುದರಿಂದ ‘ಇಲ್ಲೀಗಲ್’ ಅನ್ನುವ ಪದ ಚೆನ್ನಾಗಿ ಗೊತ್ತಿತ್ತು.

“ಅರೇ ಬೇಟಾ, ಉಠೋ! ಉಠೋ!” ಎಂದು ಮಗಳ ರಟ್ಟೆ ಹಿಡಿದು ಎಬ್ಬಿಸಿದರು. ನನ್ನ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಮೇಡಂ, ನಮ್ ದಾದಾ ಕಾಲದಿಂದ ಲೇತ್ ಕೆಲಸ. ನಮ್ ಖಾಂದಾನ್‌ನಲ್ಲಿ ಒಬ್ರೂ ಇಲ್ಲೀಗಲ್ ಮಾಡಿಲ್ಲ. ಇವಳು ಏನ್ ಮಾಡಿದ್ಳು ಹೇಳಿ, ನಾನೇ ಸ್ಟೇಷನ್‌ಗೆ ಹೋಗಿ ಮಾಫಿ ಕೇಳ್ತೀನಿ.”

ಹುಡುಗಿ ನಗು ತಡೆಯಲಾರದೆ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು. ಸಾಹೇಬ್ರೆ, ಪೊಲೀಸಿಗೂ ಇದಕ್ಕೂ ಸಂಬಂಧ ಇಲ್ಲ, ನಿಮ್ಮ ಮಗಳ ತಪ್ಪೂ ದೊಡ್ಡದಲ್ಲ, ಪ್ರೋಗ್ರಾಮಿಗೆ ತಾನು ಮಾಡಿದ್ದು ಸರಿಯಿಲ್ಲ ಎಂದು ಗೊತ್ತಾಗಿ ನಿಂತುಹೋಗುತ್ತದೆ, ಸರಿಮಾಡಿದರೆ ಮತ್ತೆ ಓಡುತ್ತದೆ ಎಂದು ನಾನು ಬಿಡಿಸಿ ಹೇಳಿದೆ.

ಸಾಹೇಬರ ಮುಖ ನಿಧಾನಕ್ಕೆ ಅರಳಿತು. “ತನ್ನ ತಪ್ಪು ತಾನೇ ಬೋರ್ಡ್ ಹಾಕಿ ಹೇಳ್ಕೊಂಡು, ತಾನೇ ಬಾಗಿಲು ಹಾಕ್ಕೊಳ್ತದಾ? ವಾಹ್! ಇಷ್ಟು ಈಮಾನ್‌ದಾರ್ ಮಷೀನು ನಮ್ ಬಜಾರ್‌ನಲ್ಲಿ ಒಂದೂ ಇಲ್ಲ ಮೇಡಂ.”

ಆ ವಾರವೇ ಯಜಮಾನರು ತಳ್ಳಿದರೂ ಮಾನಿಟರ್ ಜರುಗದಂತೆ ಕಬ್ಬಿಣದ ಒಂದು ಚೌಕಟ್ಟು ಮಾಡಿಕೊಂಡು ತಂದು, ಮೇಜಿಗೆ ಬೋಲ್ಟು ಹಾಕಿ ಕೂರಿಸಿಕೊಟ್ಟರು. ಪ್ರಾಮಾಣಿಕರಿಗೆ ಇಷ್ಟಾದರೂ ರಕ್ಷಣೆ ಬೇಡವೇ ಎಂದರು.

ಔದು

ಇಷ್ಟರಲ್ಲಿ ಸಂಕ್ರಾಂತಿ ಬಂತು. ಹೊರಗಿನವರ ಕೆಲಸ ಒಂದೂ ಸಿಕ್ಕಿರಲಿಲ್ಲ, ಭಾಮೈದ ಗೊಬ್ಬರದ ಕಂಪನಿಯ ಕ್ಯಾಲೆಂಡರನ್ನು ಆಗಲೇ ನಮ್ಮ ಗೋಡೆಗೆ ಹಾಕಿದ್ದರು. ಆಗ ಕೈಹಿಡಿದವರು ಪಾಲಿನ ವಿಷಯಕ್ಕೆ ಜಗಳಕ್ಕೆ ಬಂದಿದ್ದ ಸಂತೆಬಾಚಹಳ್ಳಿಯ ಆ ತಂದೆ. “ಕೆ.ಆರ್.ಪೇಟೇಲಿ ನಮ್ಮ ಬೀಗರು ಮದುವೆ ಛತ್ರ ಕಟ್ಸವ್ರೆ. ಆಪೀಸ್ನಾಗೆ ಕಂಪೂಟ್ರು ತಂದು ಮಡಗವ್ರೆ, ಬಂದೋರು ನೋಡ್ಲಿ ಅಂತ. ಅದ್ಕೇನಾದ್ರೂ ಕೆಲ್ಸ ಕೊಡಿ ಮಿಸ್ಸೇ” ಎಂದರು.

ಯಾವ ದಿನ ಯಾರ ಮದುವೆಗೆ ಛತ್ರ ಗೊತ್ತಾಗಿದೆ, ಯಾವ ದಿನ ಖಾಲಿ ಇದೆ ಎಂದು ತೋರಿಸುವ ಪ್ರೋಗ್ರಾಂ ಬರೆದೆ. ಮದುವೆಗೆ ಒಂದು ಕ್ಲಾಸು, ದಿನಕ್ಕೆ ಒಂದು ಕ್ಲಾಸು. ಊರು, ದಿನ ಎಲ್ಲ ತುಂಬಿಸಿದ ಮೇಲೆ ಕಡೆಯಲ್ಲಿ ‘ಖಾಯಮ್ಮಾ?’ ಎಂದು ಕೇಳುತ್ತದೆ. ಛತ್ರದ ಮೇನೇಜರು ಹೊಸಹೊಳಲಿನವರು, ಕೆಲಸದಲ್ಲಿ ಅಚ್ಚುಕಟ್ಟು. ಅವರಿಗೆ, “ಹೌದು ಅನ್ನೋದಾದರೆ ಅದರ ಮೊದಲನೇ ಅಕ್ಷರ ಒತ್ತಿ, ಇಲ್ಲ ಅನ್ನೋದಾದರೆ ಅದರ ಮೊದಲನೇ ಅಕ್ಷರ ಒತ್ತಿ” ಎಂದು ಹೇಳಿಕೊಟ್ಟು ಬಂದೆ. ಇಂಗ್ಲಿಷ್ ಅಕ್ಷರದಲ್ಲಿ ಹೌದಿಗೆ ಎಚ್, ಇಲ್ಲಕ್ಕೆ ಐ. ಎಚ್ ಬಿಟ್ಟು ಬೇರೇನು ಒತ್ತಿದರೂ ಇಲ್ಲ ಅಂತಲೇ ತಿಳಿದುಕೋ ಎಂದು ಪ್ರೋಗ್ರಾಮಿಗೆ ಬರೆದಿದ್ದೆ.

ಯುಗಾದಿ ಹತ್ತಿರವಾಯಿತು. ಒಂದು ಬೆಳಿಗ್ಗೆ ಛತ್ರ ಕಟ್ಟಿಸಿದ ಗೌಡರಿಂದ ಫೋನು. ಅವರ ಗಂಟಲು ರಿಸೀವರಿನಿಂದ ಹೊರಗೆ ಬೀಳುತ್ತಿತ್ತು.

“ಏನ್ ಸಾಮಿ ನಿಮ್ಮ ಕಂಪೂಟ್ರು? ಗೋಡೆ ಮ್ಯಾಲಿನ ಕ್ಯಾಲೆಂಡ್ರಲ್ಲಿ ದಿನ ಎಲ್ಲಾ ತುಂಬೋಗದೆ. ಇದು ಒಂದ್ ಮದುವೇನೂ ಇಲ್ಲ ಅಂತದೆ! ಇವತ್ತು ಬಂದು ಸರಿ ಮಾಡಿ, ಇಲ್ದಿದ್ರೆ ತಕ್ಕೊಂಡೋಗಿ.”

ಯಜಮಾನರು ಪೆಚ್ಚಾಗಿ ಫೋನಿಟ್ಟರು. ಇದೂ ಕೈ ತಪ್ಪಿದರೆ ರೂಮು ಹೋಯಿತು ಎಂದು ಇಬ್ಬರಿಗೂ ಗೊತ್ತಿತ್ತು. ಚಿನಕುರಳಿ ಮೇಲೆ ಹೋಗುವ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಮನಸ್ಸಿನಲ್ಲಿ ಓದಿದೆ. ಎಲ್ಲೂ ತಪ್ಪಿರಲಿಲ್ಲ. ತಪ್ಪು ಸಿಕ್ಕಿದರೆ ಧೈರ್ಯ ಬರುತ್ತದೆ, ಸಿಕ್ಕದಿದ್ದರೆ ಇದ್ದ ಧೈರ್ಯವೂ ಹೋಗುತ್ತದೆ. ಈ ಕೆಲಸ ಮಾಡಿದವರಿಗೆ ಅದು ಗೊತ್ತು.

ಛತ್ರದಲ್ಲಿ ಗೌಡರು ತೋಳು ಕಟ್ಟಿ ನಿಂತಿದ್ದರು. ಮೇನೇಜರು ಅಳುವುದೊಂದು ಬಾಕಿ. “ನನ್ನ ಮುಂದೆ ಒಂದು ಮದುವೆ ಬುಕ್ ಮಾಡಿ ತೋರಿಸಿ” ಅಂದೆ. ಅವರು ಊರು ಹಾಕಿದರು, ಸರಿ. ದಿನ ಹಾಕಿದರು, ಸರಿ. ‘ಖಾಯಮ್ಮಾ?’ ಎಂದು ಕೇಳಿತು. ಮೇನೇಜರು ಅದರ ಮುಖ ನೋಡಿ “ಔದು” ಎಂದು ಗಟ್ಟಿಯಾಗಿ ಹೇಳಿ, ಎ ಒತ್ತಿದರು.

“ಏನು ಒತ್ತಿದ್ರಿ?”

“ನೀವು ಏಳಿದ್ದೇ ಮಿಸ್ಸೇ. ಔದು ಅನ್ನೋದಕ್ಕೆ ಮೊದಲ್ನೇ ಅಕ್ಷರ. ಎ.”

“ಹೌದು ಅಂದರೆ ಎಚ್ ಅಲ್ವಾ?”

“ಎಚ್ ಎಲ್ಲದೆ ಮಿಸ್ಸೇ ಅದ್ರಲ್ಲಿ? ಔ... ದು.”

ನಾನು ಸುತ್ತ ನೋಡಿದೆ. “ಗೌಡ್ರೆ, ನೀವು ಹೌದು ಅನ್ನಬೇಕಾದರೆ ಏನಂತೀರಿ?” ಎಂದೆ. “ಊಂ ಅಂತೀನಿ” ಎಂದರು ಗೌಡರು. ಅಡುಗೆಯವರನ್ನು ಕೇಳಿದೆ. “ಔದೌದು ಅಂತೀವಿ ಕಣವ್ವ, ಇನ್ನೇನಂತಾರೆ?” ಅಂದರು. ಛತ್ರದಲ್ಲಿ ಆವತ್ತು ಎಚ್ ಇದ್ದದ್ದು ನನ್ನೊಬ್ಬಳ ಬಾಯಲ್ಲಿ.

ಅದೂ ಸಾಲ ತಂದ ಎಚ್ಚು. ಮೈಸೂರಿಗೆ ಓದಲು ಹೋದಾಗ ನಾನೂ ಅಂಗೆ ಇಂಗೆ ಅನ್ನುವವಳೇ. ಹಾಸ್ಟೆಲಿನ ಹುಡುಗಿಯರು ನಕ್ಕರು ಅಂತ ಕನ್ನಡಿ ಮುಂದೆ ನಿಂತು ಹಾಲು, ಹಣ್ಣು, ಹೂವು ಎಂದು ಅಭ್ಯಾಸ ಮಾಡಿ ಕಲಿತಿದ್ದೆ. ರಜೆಗೆ ಊರಿಗೆ ಹೋಗಿ ಮಾತಾಡಿದಾಗ ನಮ್ಮಜ್ಜಿ ಗಾಬರಿಯಾಗಿ, “ಯಾಕ್ಮಗ, ಉಬ್ಬಸ ಬಂದದಾ?” ಎಂದು ಬೆನ್ನು ಸವರಿದ್ದರು. ಅಷ್ಟು ಕಷ್ಟಪಟ್ಟು ಸಂಪಾದಿಸಿದ್ದನ್ನು ಕೆ.ಆರ್.ಪೇಟೆಯವರ ಮದುವೆಗೆ ಅಡ್ಡ ನಿಲ್ಲಿಸಿದ್ದೆ. ನನಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಎಷ್ಟೋ ವರ್ಷದ ಮೇಲೆ ಬಾಯಿ ಸಡಿಲ ಮಾಡಿ, “ಅಂಗಾದ್ರೆ ಒಸಿ ತಡೀರಿ, ಸರಿ ಮಾಡ್ಬುಡ್ತೀನಿ” ಎಂದೆ. ಮೇನೇಜರ ಮುಖಕ್ಕೆ ಆಗ ಜೀವ ಬಂತು.

ಇನ್‌ಹೆರಿಟೆನ್ಸ್ ಕೈಗೆ ಬಂದದ್ದು ಅಲ್ಲಿ. ಪ್ರಶ್ನೆ ಕೇಳುವ ಹಳೆಯ ಕ್ಲಾಸನ್ನು ಮುಟ್ಟಲಿಲ್ಲ. ಅದಕ್ಕೊಂದು ಮಗನನ್ನು ಹುಟ್ಟಿಸಿ, ಉತ್ತರ ಕೇಳಿಸಿಕೊಳ್ಳುವ ಒಂದು ಕೆಲಸವನ್ನು ಮಾತ್ರ ಬದಲಾಯಿಸಿದೆ. ಅಪ್ಪ ಮೈಸೂರಿನವನು, ಎಚ್ ಬೇಕು ಅನ್ನುತ್ತಾನೆ. ಮಗ ಕೆ.ಆರ್.ಪೇಟೆಯವನು, ಔದಿನ ಎ ಆದರೂ ಸೈ, ಊಂ ಅನ್ನುವುದರ ಯು ಆದರೂ ಸೈ. ಕ್ಯಾಲೆಂಡರ್ ನೋಡಿಕೊಂಡು ಮೇನೇಜರು ಮದುವೆಗಳನ್ನೆಲ್ಲ ಮತ್ತೆ ತುಂಬಿದರು. ತೆರೆಯ ಮೇಲೆ ವೈಶಾಖವೆಲ್ಲ ಭರ್ತಿಯಾಯಿತು. ಗೌಡರು ತೋಳು ಬಿಚ್ಚಿ ಹತ್ತಿರ ಬಂದರು.

ಅಷ್ಟರಲ್ಲಿ ಹೆಣ್ಣಿನ ಕಡೆಯವರೊಬ್ಬರು ಛತ್ರ ವಿಚಾರಿಸಲು ಬಂದರು. ಊಟದ ಮನೆ ನೋಡಿದರು, ನೀರು ನೋಡಿದರು, ದಿನ ಹೇಳಿದರು. ಮೇನೇಜರು ಗತ್ತಿನಿಂದ ಎಲ್ಲ ಒತ್ತಿ, ಕಡೆಗೆ ಅವರನ್ನೇ ಕೇಳಿದರು: “ಖಾಯಮ್ಮಾ?”

ಅವರು ಹೆಗಲ ಮೇಲಿನ ಟವೆಲ್ಲು ಕೊಡವಿ ಹೇಳಿದರು: “ನೋಡಾನ.”

ಮೇನೇಜರ ಬೆರಳು ಗಾಳಿಯಲ್ಲೇ ನಿಂತಿತು. ಎ ಕಡೆ ಹೋಯಿತು, ಐ ಕಡೆ ಹೋಯಿತು, ಹಿಂದಕ್ಕೆ ಬಂತು. ಹೆಣ್ಣಿನ ಕಡೆಯವರು ಹೊರಟುಹೋದ ಮೇಲೆ ನನ್ನನ್ನು ಕೇಳಿದರು: “ಮಿಸ್ಸೇ, ನೋಡಾನಕ್ಕೆ ಯಾವ ಅಕ್ಷರ ಒತ್ತಾನ?”

“ನೋಡಾನ ಅಂದವರು ಬತ್ತಾರಾ, ಬರಾಕಿಲ್ವಾ?”

“ಒಬ್ರೂ ತಿರುಗಿ ಬಂದಿದ್ದ ನಾ ಕಾಣೆ. ಮೊಕಕ್ಕೊಡ್ದಂಗೆ ಇಲ್ಲ ಅನ್ಬಾರ್ದು ಅಂತ ಅಂಗಂತಾರೆ, ಮರ್ಯಾದಸ್ತ ಜನ.”

“ಅಂಗಾದ್ರೆ ಎನ್ ಒತ್ತಿ. ಇಂಗ್ಲಿಷ್‌ನೋರ ನೋ ಅನ್ನೋದಕ್ಕೂ ಎನ್ನೇ, ನಮ್ಮೋರ ನೋಡಾನಕ್ಕೂ ಎನ್ನೇ. ಎರಡ್ರದೂ ಅರ್ಥ ಒಂದೇ” ಎಂದೆ.

ಗೌಡರ ನಗುವಿಗೆ ಛತ್ರದ ಪಾರಿವಾಳಗಳು ಹಾರಿದವು. “ಇದಪ್ಪ ನಮ್ಮೂರ ಕಂಪೂಟ್ರು ಅಂದ್ರೆ” ಎಂದು ಪ್ರೋಗ್ರಾಂ ಇಟ್ಟುಕೊಂಡರು, ನಾಗಮಂಗಲದ ಇನ್ನೊಂದು ಛತ್ರದವರಿಗೂ ಹೇಳಿ ಕೆಲಸ ಕೊಡಿಸಿದರು. ನಮ್ಮಪ್ಪ ಆ ಛತ್ರಕ್ಕೆ ಹೋಗಿ ದೂರದಿಂದ ನೋಡಿಕೊಂಡು ಬಂದರು. ಆಮೇಲೆ ಮನೇಲಿರು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಆ ಮೇನೇಜರು ಅವತ್ತು ಬಾಯಲ್ಲಿ ‘ಔದು’ ಅಂದು, ನನ್ನ ಮರ್ಯಾದೆಗೆಂದು ಎಚ್ ಒತ್ತಿದ್ದರೆ ನಾನು ಎಷ್ಟು ಕಳೆದುಕೊಳ್ಳುತ್ತಿದ್ದೆನೋ. ಅವರಿಗೆ ನನ್ನದು ದೊಡ್ಡ ನಮಸ್ಕಾರ.

ಯಜಮಾನರು ಮಾತ್ರ ಅವತ್ತು ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಏನೋ ಸಿಕ್ಕಿದವರ ಹಾಗೆ ಒಬ್ಬರೇ ನಗುತ್ತಿದ್ದರು. ಏನು ಸಿಕ್ಕಿತೆಂದು ಯುಗಾದಿಯ ಮರುದಿನ ತಿಳಿಯಿತು. ಭಾಮೈದ ಬಂದರು. ಬೆಂಚಿನಲ್ಲಿ ಕೂತು, “ಒಂದೆರಡು ಕೆಲ್ಸ ಸಿಕ್ತು ಅಂತ ಎಷ್ಟು ದಿನ ನಡೆದೀತು ಭಾವ? ಅಕ್ಕನೂ ಏಳ್ತಾವ್ಳೆ. ರೂಮು ಬುಟ್ಕೊಟ್ಬುಡಿ” ಎಂದರು.

ಯಜಮಾನರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಭಾಮೈದನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

“ನೋಡಾನ ಬುಡಪ್ಪ” ಅಂದರು.

ಭಾಮೈದ ಹುಟ್ಟಿ ಬೆಳೆದದ್ದು ಪಾಂಡವಪುರದಲ್ಲೇ. ಎದ್ದು ಹೋಗಿ, ಸಂಜೆಯೊಳಗೆ ಎದುರು ಸಾಲಿನಲ್ಲಿ ಬೇರೆ ಮಳಿಗೆ ಹಿಡಿದರು.